ಕಂಟ್ರೋಲ್ ರೂಮಿನಲ್ಲಿ ಕುಳಿತಿರುವವರು ಯಾರು?

(ಚೆಂಬೂರಿನಲ್ಲಿ ನಮ್ಮ ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ಕೋಣೆಯಲ್ಲಿ ಮಾತನಾಡಬಾರದೆಂದು ಗೋಡೆಯ ಮೇಲೆ ಬರೆದಿದೆ. ಇಷ್ಟು ವರ್ಷ ಆ ಬರಹಕ್ಕೆ ಅಂಜಿ ಬಾಯಿ ಮುಚ್ಚಿಕೊಂಡು ಓದಿದ ನನ್ನನ್ನು ಕಾರ್ಯದರ್ಶಿಗಳು ಇಂದು ಅದರ ಕೆಳಗೇ ನಿಲ್ಲಿಸಿ ಮಾತನಾಡಿ ಎಂದಿದ್ದಾರೆ. ನಾನು ಪಂಡಿತನಲ್ಲ. ಫೋರ್ಟಿನ ಒಂದು ಆಫೀಸಿನಲ್ಲಿ ಆವಕ-ಜಾವಕ ರಿಜಿಸ್ಟರು ಬರೆದು ನಿವೃತ್ತನಾದ ಗುಮಾಸ್ತ. ಮುನಿಸಿಪಾಲಿಟಿಯ ಆಪತ್ಕಾಲದ ಕಂಟ್ರೋಲ್ ರೂಮಿನ ವಿಷಯ ಹೇಳಲು ಇವನಿಗೇನು ಅಧಿಕಾರವೆಂದು ತಾವು ಕೇಳಬಹುದು. ಅಧಿಕಾರವೇನೂ ಇಲ್ಲ, ಒಂದು ರಾತ್ರಿಯ ಅನುಭವವಿದೆ, ಆ ತರುವಾಯ ಇದೇ ಮೇಜಿನ ಮೇಲೆ ಕುಳಿತು ಓದಿ ತಿಳಿದುಕೊಂಡದ್ದಿಷ್ಟಿದೆ.

2005 ನೇ ಇಸವಿ ಜುಲೈ 26, ಮಂಗಳವಾರ. ತಮ್ಮಲ್ಲಿ ಹಿರಿಯರಿಗೆ ಆ ದಿನವನ್ನು ನೆನಪಿಸಬೇಕಾದುದಿಲ್ಲ. ಫೋರ್ಟಿನಲ್ಲಿ ಆ ಮಧ್ಯಾಹ್ನ ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ. ಗಾಡಿಗಳು ನಿಂತಿವೆ ಎಂದಾಗ ಎಲ್ಲರಂತೆ ನಾನೂ ನಡೆದೇ ಹೊರಟೆ. ದಾದರು ದಾಟುವ ಹೊತ್ತಿಗೆ ಮೊಣಕಾಲು ನೀರು, ಸಯನಿನಲ್ಲಿ ಸೊಂಟದ ನೀರು. ಮುಂದೆ ಹೆಜ್ಜೆ ಇಡುವಂತಿರಲಿಲ್ಲ. ಚೆಂಬೂರಿನಲ್ಲಿ ನಮ್ಮದು ನೆಲಮಾಳಿಗೆಯ ಖೋಲಿ. ಮನೆಯಲ್ಲಿ ಎದ್ದು ನಡೆಯಲಾರದ ತಾಯಿ. ಒಬ್ಬ ಅಂಗಡಿಕಾರನ ಫೋನಿನಿಂದ ಒಂದು ಕಚೇರಿಗೆ ಮಾತನಾಡಿದೆ. ಯಾವ ಕಚೇರಿಯೆಂಬುದು ಈಗ ಬೇಡ. ಅವರು ಇದು ನಮ್ಮ ಕೆಲಸವಲ್ಲವೆಂದು ಇನ್ನೊಂದು ಸಂಖ್ಯೆ ಕೊಟ್ಟರು. ಆ ಇನ್ನೊಬ್ಬರು ಮೂರನೆಯದನ್ನು ಕೊಟ್ಟರು. ಮೂರನೆಯವರು, “ತಾವು ಎಲ್ಲಿಂದ ಮಾತನಾಡುತ್ತಿದ್ದೀರಿ?” ಎಂದರು. ಸಯನಿನಿಂದ ಎಂದೆ. “ಹಾಗಾದರೆ ಸಯನಿನವರನ್ನು ಕೇಳಿ” ಎಂದು ಫೋನು ಇಟ್ಟರು. ತಾಯಿ ಚೆಂಬೂರಿನಲ್ಲಿ, ಫೋನು ಸಯನಿನಲ್ಲಿ! ರಾತ್ರಿಯಿಡೀ ಯಾರದೋ ಕಟ್ಟಡದ ಮೆಟ್ಟಲ ಮೇಲೆ ಕುಳಿತಿದ್ದೆ. ಮರುದಿನ ಮಧ್ಯಾಹ್ನ ಮನೆ ಮುಟ್ಟಿದಾಗ, ಮೇಲಿನ ಮಾಳಿಗೆಯ ಹುಡುಗರು ಅಮ್ಮನನ್ನು ಕುರ್ಚಿಸಹಿತ ಎತ್ತಿ ತಮ್ಮ ಮನೆಗೆ ಒಯ್ದಿದ್ದರು. ನಮಗಾದ ನಷ್ಟ ಎರಡು ಚೀಲ ಅಕ್ಕಿ ಮತ್ತು ಒಂದು ಹಾಸಿಗೆ. ಮುಂಬಯಿಯಲ್ಲಿ ಆ ಮಳೆಗೆ ಪ್ರಾಣ ತೆತ್ತವರು ನಾನೂರಕ್ಕೂ ಮೇಲೆ.

ಆ ಮೂವರ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಈಗ ಇಲ್ಲ. ಯಾಕೆಂದರೆ ಅವರು ಕೆಟ್ಟವರಾಗಿರಲಿಲ್ಲ. ನನ್ನ ಮಾತನ್ನು ಬರೆದುಕೊಳ್ಳುವುದು ಯಾರ ಕೆಲಸ ಎಂಬುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಒಂದು ಕಾಗದ ಕಚೇರಿಗೆ ಬಂದು ಆವಕದಲ್ಲಿ ಏರದಿದ್ದರೆ ಆ ಕಾಗದ ಬಂದೇ ಇಲ್ಲವೆಂದು ಅರ್ಥ. ಆ ರಾತ್ರಿ ನನ್ನ ತಾಯಿ ಮೂರು ಕಚೇರಿಗಳಲ್ಲಿ ಆವಕವಾಗಲೇ ಇಲ್ಲ.

ಕಂಟ್ರೋಲ್ ರೂಮೆಂದರೆ ಏನು ಎಂಬುದು ಇಲ್ಲಿಂದ ಆರಂಭವಾಗುತ್ತದೆ. ನಮ್ಮ ಮಹಾನಗರಪಾಲಿಕೆಗೆ ಫೋರ್ಟಿನ ಮುಖ್ಯ ಕಚೇರಿಯಲ್ಲಿ ಹಗಲಿರುಳೂ ತೆರೆದಿರುವ ಆಪತ್ತು ನಿಯಂತ್ರಣ ಕೊಠಡಿಯಿದೆ. ಅದರ ಸಂಖ್ಯೆ 1916. ವಾರ್ಡುಗಳಿಗೆ ಬೇರೆಬೇರೆ ಚಿಕ್ಕ ಕೊಠಡಿಗಳಿವೆ. ಫೋಟೋದಲ್ಲಿ ನೋಡಿದರೆ ಗೋಡೆ ತುಂಬ ಪರದೆಗಳು, ಸಾಲಾಗಿ ಫೋನುಗಳು. ನೋಡಿದವರು ಪರದೆಗಳನ್ನು ಹೊಗಳುತ್ತಾರೆ. ಪರದೆ ಬೇಕು ನಿಜ. ಆದರೆ ಪರದೆಯ ಮುಂದಿನ ಕುರ್ಚಿಯಲ್ಲಿ ಯಾರು, ಅವರ ಕೈಗೆ ಏನು ಅಧಿಕಾರ, ಅವರು ಎದ್ದುಹೋದರೆ ಮುಂದೆ ಯಾರು ಎಂಬುದು ಮಳೆ ಬರುವ ಮೊದಲೇ ತೀರ್ಮಾನವಾಗಿರದಿದ್ದರೆ ಆ ಕೋಣೆ ಸಿನೆಮಾ ಥಿಯೇಟರಿಗಿಂತ ಹೆಚ್ಚಿನದಲ್ಲ.

ಮಧ್ಯಾಹ್ನ ಒಂದು ಗಂಟೆಗೆ ನಮ್ಮವರ ಒಂದು ಹೋಟೆಲನ್ನು ನೆನೆಸಿಕೊಳ್ಳಿ. ನಮ್ಮಲ್ಲಿ ಅರ್ಧ ಜನ ಅಲ್ಲೇ ಬೆಳೆದವರು. ಗಲ್ಲಾದಲ್ಲಿ ಧನಿಗಳು ಕುಳಿತಿರುತ್ತಾರೆ. ಅವರು ದೋಸೆ ಹೊಯ್ಯುವುದಿಲ್ಲ. ಎಲ್ಲಿ ಏನು ನಡೆಯುತ್ತಿದೆಯೆಂದು ನೋಡುತ್ತ, ಜಗಳ ಬಂದರೆ ತೀರ್ಮಾನ ಹೇಳುತ್ತಾರೆ. ಸಪ್ಲಾಯರುಗಳೂ ಭಟ್ಟರೂ ಕೆಲಸ ನಡೆಸುತ್ತಾರೆ. ಉಗ್ರಾಣದವನು ಹಿಟ್ಟು, ಎಣ್ಣೆ, ಗ್ಯಾಸು ತೀರದಂತೆ ನೋಡಿಕೊಳ್ಳುತ್ತಾನೆ. ಇವರಲ್ಲದೆ ಇನ್ನೊಬ್ಬನಿರುತ್ತಾನೆ, ಹೆಚ್ಚಾಗಿ ಹಳೆಯ ಮ್ಯಾನೇಜರು: ಈಗ ಎಷ್ಟು ಇಡ್ಲಿ ಉಳಿದಿದೆ, ಎರಡು ಗಂಟೆಗೆ ಬ್ಯಾಂಕಿನವರು ಬಂದರೆ ಎಷ್ಟು ಸಾಲದು ಎಂದು ಮುಂದಿನ ಎರಡು ಗಂಟೆಯ ಲೆಕ್ಕ ತಲೆಯಲ್ಲಿ ಇಟ್ಟುಕೊಂಡವನು. ಭಟ್ಟರು ಒಲೆ ಬಿಟ್ಟು ಮೇಜಿಗೆ ಬಂದು ಆರ್ಡರು ಕೇಳಲಾರಂಭಿಸಿದರೆ ಹೋಟೆಲು ಹತ್ತು ನಿಮಿಷದಲ್ಲಿ ಮುಳುಗುತ್ತದೆ.

ಕಂಟ್ರೋಲ್ ರೂಮಿನ ಕುರ್ಚಿಗಳೂ ಹೀಗೆಯೇ. ಒಬ್ಬ ಮುಖ್ಯಾಧಿಕಾರಿ. ಪಂಪು, ಅಗ್ನಿಶಾಮಕ ದಳ, ಅಂಬುಲೆನ್ಸು ಕಳಿಸುವ ಕೆಲಸ ನಡೆಸುವವರು. ನೀರು ಈಗ ಎಲ್ಲಿದೆ, ಸಮುದ್ರದ ಉಬ್ಬರ ಎಷ್ಟು ಹೊತ್ತಿಗೆ, ಎರಡು ಗಂಟೆಯ ಮೇಲೆ ಏನಾಗಬಹುದು ಎಂದು ನಕಾಶೆ ಇಟ್ಟುಕೊಂಡು ಲೆಕ್ಕ ಹಾಕುವವರು. ಪಂಪಿಗೆ ಡೀಸೆಲು, ಕೆಲಸಗಾರರಿಗೆ ಊಟ-ಚಹಾ, ಹಣಕ್ಕೆ ಸಹಿ ಇವುಗಳನ್ನು ಒದಗಿಸುವವರು. ಪತ್ರಿಕೆಗಳಿಗೆ ಮಾತನಾಡಲು ಒಬ್ಬರೇ ಒಬ್ಬರು, ಹತ್ತು ಬಾಯಿ ಅಲ್ಲ. ಈ ಏರ್ಪಾಡು ಹುಟ್ಟಿದ್ದು ಅಮೇರಿಕದ ಕ್ಯಾಲಿಫೋರ್ನಿಯದಲ್ಲಿ. 1970 ರಲ್ಲಿ ಅಲ್ಲಿ ಕಾಡ್ಗಿಚ್ಚು ಹಬ್ಬಿದಾಗ ಬೇರೆಬೇರೆ ಊರುಗಳ ಅಗ್ನಿಶಾಮಕ ದಳಗಳು ಬಂದುವು. ಪ್ರತಿಯೊಂದಕ್ಕೂ ತನ್ನದೇ ಪದಗಳು, ತನ್ನದೇ ಯಜಮಾನ. ಆ ಗೊಂದಲದಿಂದ ಕಲಿತು ಎಲ್ಲರಿಗೂ ಒಂದೇ ಕ್ರಮವನ್ನು ಗೊತ್ತುಮಾಡಿಕೊಂಡರು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010 ರಲ್ಲಿ ಅದನ್ನು ನಮ್ಮ ಜಿಲ್ಲಾಡಳಿತಕ್ಕೆ ಹೊಂದುವಂತೆ ಮಾರ್ಪಡಿಸಿ ಮಾರ್ಗಸೂಚಿ ಹೊರಡಿಸಿತು.

ಇವರಲ್ಲದೆ ಪೋಲೀಸು, ರೈಲ್ವೆ, ಬೆಸ್ಟ್, ಆಸ್ಪತ್ರೆ, ವಿದ್ಯುತ್ ಕಂಪೆನಿ ಇವರ ಪ್ರತಿನಿಧಿಗಳಿಗೂ ಅಲ್ಲಿ ಜಾಗ ಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಆ ಕುರ್ಚಿಯಲ್ಲಿ ಕುಳಿತವನು ತನ್ನ ಇಲಾಖೆಯ ಪರವಾಗಿ ಅಲ್ಲೇ “ಆಗಲಿ” ಎನ್ನಬಲ್ಲವನಾಗಿರಬೇಕು. “ಸಾಹೇಬರನ್ನು ಕೇಳಿ ಹೇಳುತ್ತೇನೆ” ಎನ್ನುವವನು ಬಂದರೆ ಕುರ್ಚಿ ಖಾಲಿಯಿದ್ದಂತೆಯೇ. ಗುಮಾಸ್ತರಾದ ನಮಗೆ ಈ ಮಾತು ಬಿಡಿಸಿ ಹೇಳಬೇಕಾದುದಿಲ್ಲ, ಜನ್ಮವಿಡೀ ಹೇಳಿದ್ದೇವಲ್ಲ!

ಮುಂಬಯಿಗೆ ಇದು ಇನ್ನೂ ಕಠಿಣ. ನೆಲ ಒಂದು ಕಡೆ ಪಾಲಿಕೆಯದು, ಒಂದು ಕಡೆ ರೈಲ್ವೆಯದು, ಮತ್ತೊಂದು ಕಡೆ ಬಂದರಿನದು, ಕಲೆಕ್ಟರರದು. 2024 ರ ಮೇ 13 ರಂದು ಬಿರುಗಾಳಿಗೆ ನಮ್ಮ ಪಕ್ಕದ ಛೇಡಾ ನಗರದಲ್ಲಿ ದೊಡ್ಡ ಜಾಹೀರಾತು ಫಲಕ ಪೆಟ್ರೋಲ್ ಪಂಪಿನ ಮೇಲೆ ಉರುಳಿ 17 ಜನ ಸತ್ತರು. ಕೆಳಗೆ ಪೆಟ್ರೋಲು, ಮೇಲೆ ಉಕ್ಕು. ಕಿಡಿ ಹಾರಿಸುವ ಯಂತ್ರ ಹಚ್ಚಲು ಭಯ. ಕೆಲಸ ಎರಡು ದಿನಕ್ಕೂ ಮೇಲೆ ಹಿಡಿಯಿತು. ಜಾಗ ರೈಲ್ವೆ ಪೋಲೀಸರದು. ಪರವಾನಗಿ ಯಾರದು, ತೆಗೆಸಬೇಕಾದವರು ಯಾರು ಎಂಬ ವಾದ ಆ ಉಕ್ಕನ್ನು ಎತ್ತುವ ಮೊದಲೇ ಆರಂಭವಾಯಿತು. 2005 ರ ವಿಪತ್ತು ನಿರ್ವಹಣಾ ಕಾಯಿದೆಯ 41 ನೇ ಕಲಮು, ಸ್ಥಳೀಯ ಸಂಸ್ಥೆಗಳು ತಮ್ಮ ನೌಕರರಿಗೆ ತರಬೇತಿ ಕೊಡಬೇಕು, ಸಾಮಗ್ರಿ ಸಿದ್ಧವಾಗಿಟ್ಟಿರಬೇಕು ಎನ್ನುತ್ತದೆ. 2025 ರ ತಿದ್ದುಪಡಿಯು ರಾಜಧಾನಿಗಳಿಗೂ ಮಹಾನಗರಪಾಲಿಕೆಯಿರುವ ಊರುಗಳಿಗೂ ಕಮಿಷನರರ ಅಧ್ಯಕ್ಷತೆಯಲ್ಲಿ ಪ್ರತ್ಯೇಕ ನಗರ ಪ್ರಾಧಿಕಾರ ರಚಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ತೀರ್ಮಾನಿಸುವವರು ಒಬ್ಬರಿರಲೆಂಬುದೇ ಇದರ ತಾತ್ಪರ್ಯವೆಂದು ನನಗೆ ತೋರುತ್ತದೆ.

ಇನ್ನು ಪಾಳಿಯ ಮಾತು. ಪ್ರತಿ ಕುರ್ಚಿಗೆ ಒಬ್ಬರ ಹೆಸರು ಬರೆದರೆ ಸಾಲದು, ಮೂವರ ಹೆಸರು ಬೇಕು. ಹೋಗುವವನು ಬರುವವನಿಗೆ ರಿಜಿಸ್ಟರು ತೋರಿಸಿ ಒಪ್ಪಿಸಿಯೇ ಹೋಗಬೇಕು. ಇಷ್ಟು ಎಲ್ಲ ದೇಶಗಳಲ್ಲೂ ಇದೆ. ಆದರೆ ಮುಂಬಯಿಯಲ್ಲಿ ಇನ್ನೊಂದನ್ನು ಯೋಚಿಸಬೇಕು. ರಾತ್ರಿ ಪಾಳಿಯವನ ಮನೆ ಕಲ್ಯಾಣಿನಲ್ಲಿದೆ ಎನ್ನಿ. ಮಳೆ ಬಂದಾಗಲೇ ಅವನು ಬೇಕು. ಮಳೆ ಬಂದಾಗಲೇ ಗಾಡಿ ನಿಲ್ಲುತ್ತದೆ! ಆದುದರಿಂದ ನಡೆದು ಬರಬಲ್ಲಷ್ಟು ಹತ್ತಿರದಲ್ಲಿರುವ ನೌಕರರ ಪಟ್ಟಿ, ಅವರ ಇಲಾಖೆ ಬೇರೆಯಾದರೂ ಸರಿಯೇ, ಮೊದಲೇ ಸಿದ್ಧವಿರಬೇಕು. ಕಮಿಷನರ ಗಾಡಿಗಿಂತ ಈ ಪಟ್ಟಿ ಮುಖ್ಯವೆಂಬುದು ನನ್ನ ಅಭಿಪ್ರಾಯ.

ಆಮೇಲೆ ರಿಜಿಸ್ಟರು. ಈಗ ಅದು ಕಂಪ್ಯೂಟರಿನಲ್ಲಿರುತ್ತದೆ, ಇರಲಿ. ಮನೆಗಳು ಅವೇ: ಎಷ್ಟು ಗಂಟೆಗೆ ಬಂತು, ಯಾರು ಹೇಳಿದರು, ಏನು ಹೇಳಿದರು, ಯಾರಿಗೆ ಒಪ್ಪಿಸಿತು, ಅವರು ಏನು ಮಾಡಿದರು, ಯಾವಾಗ ಮುಗಿಯಿತು. ಕೊನೆಯ ಮನೆ ಖಾಲಿಯಿರುವ ಸಾಲುಗಳನ್ನು ಗಂಟೆಗೊಮ್ಮೆ ಓದಿ ಕೇಳುವವನೊಬ್ಬನಿರಬೇಕು. ಅವನಿಗೆ ಪದವಿ ದೊಡ್ಡದಿರುವುದಿಲ್ಲ. ಇಡೀ ಕೋಣೆಯಲ್ಲಿ ಜನರ ಪ್ರಾಣ ಅವನ ಪೆನ್ಸಿಲಿನ ತುದಿಯಲ್ಲಿರುತ್ತದೆಯೆಂದರೆ ಹೆಚ್ಚಾಗದು.

2005 ಕ್ಕೆ ಮತ್ತೊಮ್ಮೆ ಬರುತ್ತೇನೆ. ಆ ಇಪ್ಪತ್ತನಾಲ್ಕು ಗಂಟೆಯಲ್ಲಿ ಸಾಂತಾಕ್ರೂಜಿನಲ್ಲಿ ಬಿದ್ದ ಮಳೆ 944 ಮಿಲಿಮೀಟರು, ಕೊಲಾಬಾದಲ್ಲಿ 73. ಒಂದೇ ಊರು! ಮುಖ್ಯ ಕಚೇರಿಗಳೆಲ್ಲ ಕೊಲಾಬಾದ ಕಡೆಗೆ. ಅಲ್ಲಿಯ ಕಿಟಕಿಯಿಂದ ಹೊರಗೆ ನೋಡಿದವನಿಗೆ ಕುರ್ಲಾ ಮುಳುಗುತ್ತಿದೆಯೆಂದು ಹೇಗೆ ತಿಳಿಯಬೇಕು? ಆಗಿನ ಗಟಾರಗಳು ಗಂಟೆಗೆ 25 ಮಿಲಿಮೀಟರು ಮಳೆಗೆಂದು ಕಟ್ಟಿದವು. ಜೊತೆಗೆ ನಮ್ಮ ಕರಾವಳಿಯವರು ಭರತ ಎನ್ನುವ ಸಮುದ್ರದ ಉಬ್ಬರವೂ ಅದೇ ಮಧ್ಯಾಹ್ನ ಬಂದು ನೀರು ಹೊರಗೆ ಹೋಗದಾಯಿತು. ತರುವಾಯ ಮಾಧವ ಚಿತಳೆಯವರ ಸಮಿತಿ ಕುಳಿತು ವಿಚಾರಿಸಿತು. 2006 ರಿಂದ ಅಗ್ನಿಶಾಮಕ ಠಾಣೆ ಮುಂತಾದ ಕಟ್ಟಡಗಳ ಮೇಲೆ ತಾನಾಗಿ ಮಳೆ ಅಳೆಯುವ ಯಂತ್ರಗಳನ್ನಿಟ್ಟರು. ಹದಿನೈದು ಹದಿನೈದು ನಿಮಿಷಕ್ಕೆ ಅವುಗಳ ಲೆಕ್ಕ ಕಂಟ್ರೋಲ್ ರೂಮಿಗೆ ಮುಟ್ಟುತ್ತದೆ. ಈಗ ಕಿಟಕಿ ನೋಡಬೇಕಾದುದಿಲ್ಲ.

ಈ ವಿಷಯದಲ್ಲಿ ನಮ್ಮ ನಾಡಿನವರು ಹಿಂದುಳಿದಿಲ್ಲವೆಂಬುದನ್ನೂ ಹೇಳಲೇಬೇಕು. ಕರ್ನಾಟಕ ಸರಕಾರ 1988 ರಲ್ಲಿಯೇ ಬರಗಾಲದ ಮೇಲೆ ಕಣ್ಣಿಡಲು ಒಂದು ಘಟಕ ತೆರೆಯಿತು. ಅದೇ ಬೆಳೆದು ಈಗ ಬೆಂಗಳೂರಿನ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯತಿಗೊಂದರಂತೆ ಮಳೆಮಾಪಕ ಇಟ್ಟು ಹಳ್ಳಿಯ ಮಳೆಯನ್ನು ಹಳ್ಳಿಗೇ ಹೇಳುವ ಏರ್ಪಾಡು ಅವರದು.

ಎಲ್ಲವನ್ನೂ ಒಂದೇ ಕೋಣೆಗೆ ತುಂಬಿದರೆ ಏನಾಗುತ್ತದೆಂಬುದನ್ನು 2020 ರಲ್ಲಿ ಕಂಡೆವು. ಕೋವಿಡ್ ಬಂದಾಗ ಮೊದಮೊದಲು ಹಾಸಿಗೆ ಬೇಕೆಂದವರೆಲ್ಲ 1916 ಕ್ಕೇ ಫೋನು ಮಾಡಿದರು. ಒಂದೇ ಬಾಗಿಲಿಗೆ ಇಡೀ ಮುಂಬಯಿ! ಬಳಿಕ ಪಾಲಿಕೆಯು 24 ವಾರ್ಡುಗಳಿಗೂ ಒಂದೊಂದು ವಾರ್ ರೂಮು ತೆರೆದು, ಆಯಾ ವಾರ್ಡಿನ ರೋಗಿಗಳ ಪಟ್ಟಿಯನ್ನು ಅಲ್ಲಿಗೇ ಕಳಿಸಿ, ಡಾಕ್ಟರರನ್ನೂ ಫೋನು ಹಿಡಿಯುವವರನ್ನೂ ಪಾಳಿಯಲ್ಲಿ ಕೂರಿಸಿತು. ಚೆಂಬೂರಿನ ರೋಗಿಗೆ ಚೆಂಬೂರಿನ ಗಲ್ಲಿ ಬಲ್ಲವರೇ ಮಾತನಾಡುವಂತಾಯಿತು.

ಹಾಗೆಯೇ ಕೋಣೆಯೇ ಬಿದ್ದುಹೋದರೆ? ನ್ಯೂಯಾರ್ಕ್ ನಗರಸಭೆಯವರು ಬಹಳ ಖರ್ಚು ಮಾಡಿ ತಮ್ಮ ಆಪತ್ತು ಕೇಂದ್ರವನ್ನು ವಿಶ್ವ ವ್ಯಾಪಾರ ಕೇಂದ್ರದ 7 ನೇ ಕಟ್ಟಡದಲ್ಲಿಟ್ಟಿದ್ದರು. 2001 ರ ಸೆಪ್ಟೆಂಬರ್ 11 ರಂದು ಅದನ್ನೇ ಬಿಟ್ಟು ಓಡಬೇಕಾಯಿತು. ಸಂಜೆಗೆ ಆ ಕಟ್ಟಡವೂ ಕುಸಿಯಿತು. ಮರುದಿನ ಹಡಗುಕಟ್ಟೆಯ ಒಂದು ಶೆಡ್ಡಿನಲ್ಲಿ ಅವರ ಒಂದು ತಾಲೀಮು ನಡೆಯಬೇಕಾಗಿತ್ತು. ಕೆಲವೇ ದಿನಗಳಲ್ಲಿ ಹೊಸ ಕೇಂದ್ರವನ್ನು ಅದೇ ಶೆಡ್ಡಿನಲ್ಲಿ ಹೂಡಿದರು. ಕೋಣೆ ಹೋದರೂ, ಯಾರು ಯಾವ ಕುರ್ಚಿಯವರೆಂಬುದು ಹೋಗಿರಲಿಲ್ಲ.

ಇನ್ನು ನಮ್ಮ ಚೆಂಬೂರಿನ ಮಾತು. ನಾವು ಮಲಗುವ ಜಾಗದ ಪಕ್ಕದಲ್ಲಿ ಎರಡು ಎಣ್ಣೆ ಶುದ್ಧೀಕರಣ ಕಾರಖಾನೆಗಳು, ಒಂದು ಗೊಬ್ಬರದ ಕಾರಖಾನೆ, ವಿದ್ಯುತ್ ಸ್ಥಾವರ ಇವೆ. ನಮ್ಮಲ್ಲಿ ಹಲವರಿಗೆ ಅನ್ನ ಅಲ್ಲಿಂದಲೇ. 2018 ರ ಆಗಸ್ಟ್ 8 ರಂದು ಮಾಹುಲಿನ ಶುದ್ಧೀಕರಣ ಕಾರಖಾನೆಯಲ್ಲಿ ಸ್ಫೋಟವಾಗಿ ನಲವತ್ತಕ್ಕೂ ಮೇಲೆ ಜನಕ್ಕೆ ಗಾಯವಾಯಿತು. ಭೋಪಾಲದ 1984 ರ ದುರಂತದ ತರುವಾಯ ಬಂದ 1989 ರ ನಿಯಮಗಳಂತೆ, ಬೇಲಿಯ ಒಳಗಿನ ಆಪತ್ತಿಗೆ ಯೋಜನೆ ಮಾಡಬೇಕಾದವರು ಕಾರಖಾನೆಯವರು, ಬೇಲಿಯ ಹೊರಗಿನದಕ್ಕೆ ಜಿಲ್ಲಾಡಳಿತ. 1996 ರ ನಿಯಮಗಳು ಸ್ಥಳೀಯ ಆಪತ್ತು ಗುಂಪುಗಳನ್ನೂ ಹೇಳಿವೆ. ಬೇಲಿಯ ಎರಡು ಕಡೆಯ ಕಂಟ್ರೋಲ್ ರೂಮುಗಳು ಒಂದನ್ನೊಂದು ಮೊದಲ ನಿಮಿಷದಲ್ಲೇ ಕೇಳಿಸಿಕೊಳ್ಳುತ್ತವೆಯೇ ಎಂಬುದು ಪ್ರಶ್ನೆ. ಭೋಪಾಲದಲ್ಲಿ ಜನ ಗಾಳಿ ಎತ್ತ ಬೀಸುತ್ತಿದೆಯೆಂದು ತಿಳಿಯದೆ ಅನಿಲದ ಜೊತೆಗೇ ಓಡಿದರು, ಹೇಳುವವರಿರಲಿಲ್ಲ. ವಾಸನೆ ಬಂದರೆ ಒದ್ದೆ ಬಟ್ಟೆ ಮೂಗಿಗೆ ಹಿಡಿದು, ಗಾಳಿಗೆ ಅಡ್ಡವಾಗಿ ನಡೆಯಬೇಕು, ಗಾಳಿಯ ಜೊತೆಗಲ್ಲ. ಮನೆಯೊಳಗೇ ಇರಿ ಎಂದು ಆಜ್ಞೆ ಬಂದರೆ ಕಿಟಕಿ ಬಾಗಿಲು ಮುಚ್ಚಿ ಒಳಗೇ ಇರಬೇಕು.

ಈಗ ನನಗೆ ಹೇಳಲು ಕಷ್ಟವಾದ ಭಾಗ. 2021 ರ ಜುಲೈ 17 ರ ರಾತ್ರಿ ಕಳೆದು 18 ರ ನಸುಕಿಗೆ ಮುಂಚೆ, ವಾಶಿ ನಾಕಾದ ಭರತ್ ನಗರದಲ್ಲಿ ಗುಡ್ಡದ ಬದಿಯ ಗೋಡೆ ಝೋಪಡಿಗಳ ಮೇಲೆ ಕುಸಿದು 19 ಜನ ನಿದ್ದೆಯಲ್ಲೇ ಹೋದರು. ಆ ರಾತ್ರಿ ಕಂಟ್ರೋಲ್ ರೂಮು ತೆರೆದೇ ಇತ್ತು. ಅಗ್ನಿಶಾಮಕದವರು ಬಂದರು, ರಾಷ್ಟ್ರೀಯ ವಿಪತ್ತು ಪಡೆಯವರು ಬಂದರು. ಓಣಿ ಕಿರಿದು, ದೊಡ್ಡ ಯಂತ್ರ ಒಳಗೆ ಹೋಗುವಂತಿರಲಿಲ್ಲ, ಕಲ್ಲುಮಣ್ಣನ್ನು ಕೈಯಿಂದಲೇ ತೆಗೆಯಬೇಕಾಯಿತು. ಫೋನು ಹಿಡಿಯುವವನು ಎಷ್ಟೇ ಚುರುಕಾಗಿದ್ದರೂ ಬಿದ್ದ ಗೋಡೆಗೆ ಏನು ಮಾಡಿಯಾನು? ಪ್ರತಿ ವರ್ಷ ಮಳೆಗೆ ಮುಂಚೆ ಕುಸಿಯಬಹುದಾದ ಗುಡ್ಡಗಳ ಪಟ್ಟಿ, ಅಪಾಯದ ಕಟ್ಟಡಗಳ ಪಟ್ಟಿ ಹೊರಡುತ್ತದೆ. ಮನೆ ಬಿಡಿರೆಂದು ನೋಟೀಸು ಅಂಟಿಸುತ್ತಾರೆ. ಎಲ್ಲಿಗೆ ಹೋಗಬೇಕು? ದಿನಗೂಲಿಯವನು ಹೆಂಡತಿ ಮಕ್ಕಳು, ಪಾತ್ರೆಪಗಡ ಕಟ್ಟಿಕೊಂಡು ನಾಲ್ಕು ತಿಂಗಳು ಎಲ್ಲಿರಬೇಕು? ಬೀಗ ತೆಗೆದ ಒಂದು ಶಾಲೆ, ಅದರ ಬೀಗದಕೈ ಯಾರಲ್ಲಿದೆಯೆಂಬ ಹೆಸರು, ಅಲ್ಲಿ ಗಂಜಿ ಬೇಯಿಸುವವರ ಹೆಸರು, ಇವಿಷ್ಟೂ ನೋಟೀಸಿನ ಕೆಳಗೆ ಇಲ್ಲದಿದ್ದರೆ ಅದನ್ನು ನೋಟೀಸೆನ್ನಲು ನನಗೆ ಮನಸ್ಸಾಗುವುದಿಲ್ಲ. ಕಂಟ್ರೋಲ್ ರೂಮಿನ ನಿಜವಾದ ಪಾಳಿ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ, ವಾರ್ಡ್ ಆಫೀಸಿನಲ್ಲಿ ನಡೆಯಬೇಕಾದುದು.

ನಾವೇನು ಮಾಡಬಹುದೆಂದು ನಿನ್ನೆ ಒಬ್ಬ ತರುಣರು ಕೇಳಿದರು. ಮೊದಲು, ಫೋನು ಮಾಡುವುದನ್ನು ಕಲಿಯೋಣ. ನಮ್ಮವರು “ಶೆಟ್ಟರ ಹೋಟೆಲಿನ ಹಿಂದೆ” ಎನ್ನುತ್ತಾರೆ. ಮುಂಬಯಿಯಲ್ಲಿ ಶೆಟ್ಟರ ಹೋಟೆಲು ಎಷ್ಟಿವೆ! ರಸ್ತೆಯ ಹೆಸರು, ಹತ್ತಿರದ ಶಾಲೆ ಅಥವಾ ದೇವಸ್ಥಾನ, ವಾರ್ಡು. ಚೆಂಬೂರು ಎಂ ಪಶ್ಚಿಮ, ಗೋವಂಡಿ ಮಾನಖುರ್ದದವರು ಎಂ ಪೂರ್ವ. ಬಳಿಕ ಏನಾಯಿತು, ಎಷ್ಟು ಜನ, ಎದ್ದು ನಡೆಯಲಾರದವರು ಯಾರಾದರೂ ಇದ್ದಾರೆಯೇ. ನೀವು ಬೇರೆ ಕಡೆಯಿಂದ ಮಾತನಾಡುತ್ತಿದ್ದರೆ ಆಪತ್ತಿನ ಸ್ಥಳವನ್ನೇ ಮೊದಲು ಹೇಳಿ, ನಿಮ್ಮದನ್ನು ಕೊನೆಗೆ. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಊರಿನ ಚಿಂತೆಯಿರುವವರಿಗೆ ಇನ್ನೊಂದು ಮಾತು: 1077 ಜಿಲ್ಲೆಯ ಸಂಖ್ಯೆ, ಅದನ್ನು ಇಲ್ಲಿಂದ ಹಾಗೆಯೇ ತಿರುಗಿಸಿದರೆ ಉಡುಪಿಗಾಗಲಿ ಮಂಗಳೂರಿಗಾಗಲಿ ಮುಟ್ಟುವುದೆಂದು ನಂಬಬೇಡಿ. ನಿಮ್ಮ ಜಿಲ್ಲೆಯ ಕಂಟ್ರೋಲ್ ರೂಮಿನ ಪೂರ್ತಿ ಸಂಖ್ಯೆಯನ್ನು ಮಳೆಗಾಲದ ಮೊದಲೇ ಊರಿನ ಪತ್ರಿಕೆ ನೋಡಿ ಬರೆದಿಟ್ಟುಕೊಳ್ಳಿ.

ಕಾರ್ಯದರ್ಶಿಗಳ ಅಪ್ಪಣೆಯಿಂದ ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಹೊಸ ರಿಜಿಸ್ಟರು ಇಟ್ಟಿದ್ದೇನೆ. ಮನೆಗಳನ್ನು ನಾನೇ ಎಳೆದಿದ್ದೇನೆ: ಹೆಸರು, ಗಲ್ಲಿ, ನೆಲಮಾಳಿಗೆಯೋ ಮೇಲೋ, ಗುಡ್ಡದ ಬದಿಯೋ, ನಡೆಯಲಾರದವರು ಎಷ್ಟು ಜನ, ರಾತ್ರಿ ಯಾರನ್ನು ಎಬ್ಬಿಸಬೇಕು. ಹೋಗುವಾಗ ಬರೆದು ಹೋಗಿ. ಬರೆಯಲು ಬಾರದವರು ಹೇಳಿದರೆ ನಾನು ಬರೆದುಕೊಳ್ಳುತ್ತೇನೆ. ಎಂಟೂವರೆಯವರೆಗೆ ಇಲ್ಲೇ ಇರುತ್ತೇನೆ.